ನಾಲೆ ಮೇಲಿನ ಖಾಲಿ ಮನೆ

ಬಕ್ಕೇಶ ಆ ರಾತ್ರಿ ನಾಲೆ ಏರಿ ಮೇಲೆ ನಡೆದು ಬರ್ತಿದ್ದ. ಒಬ್ಬನೇ.

ಎಡಕ್ಕೆ ನಾಲೆ. ನೀರು ದಂಡೆ ಸಮ ಇತ್ತು. ತುಂಬಿದ ನೀರಿಗೆ ಸದ್ದಿರಲ್ಲ. ಬಲಕ್ಕೆ ಭತ್ತದ ಗದ್ದೆ. ಎಲ್ಲೋ ದೂರ ಒಂದು ಡೀಸೆಲ್ ಪಂಪು ಡಕ್ ಡಕ್ ಡಕ್ ಅಂತಿತ್ತು. ನಡೀತಾ ನಡೀತಾ ಅದೂ ನಿಂತಿತು.

ಹಳೇ ಬಾವಿ ಹತ್ತಿರ ಬಂದ. ಅಲ್ಲಿ ಕೊಡ ಮುಳುಗೋ ಸದ್ದು ಕೇಳಿತು.

ಬುಡ್... ಬುಡ್... ಬುಡ್...

ಯಾರೋ ನೀರು ಸೇದ್ತಿದಾರೆ ಅಂದುಕೊಂಡ. ಟಾರ್ಚಿನ ಬೆಳಕು ಬಿಟ್ಟ. ಯಾರೂ ಇಲ್ಲ. ಬಾವಿ ಕಟ್ಟೆ ಮಾತ್ರ ಒದ್ದೆ ಇತ್ತು. ಏಪ್ರಿಲ್ ತಿಂಗಳು. ಕಲ್ಲಿನ ಮೇಲೆ ಬಿದ್ದ ನೀರು ಉಸಿರು ಎಳೆಯೋದರಲ್ಲಿ ಆರಿಹೋಗೋ ಕಾಲ. ಅದು ಆರಿರಲಿಲ್ಲ.

ಆಮೇಲೆ ಅವನ ಮುಂದೆ, ಕತ್ತಲೊಳಗೆ, ಹೆಜ್ಜೆ ಸದ್ದು. ಒದ್ದೆ ಕಾಲಿನ ಹೆಜ್ಜೆ.

ಪಚ್... ಪಚ್... ಪಚ್...

ಇಲ್ಲಿ ನಿಲ್ಲಿಸ್ತೀನಿ. ಅವನು ಆ ಹೊತ್ತಲ್ಲಿ ಅಲ್ಲಿಗೆ ಯಾಕೆ ಹೋದ ಅಂತ ಮೊದಲು ಹೇಳಬೇಕು. ಅದರಲ್ಲಿ ನಾನಿದೀನಿ. ಇಷ್ಟು ದಿನ ಇದನ್ನ ನಾನು ಇಲ್ಲದಂಗೆ ಹೇಳ್ತಿದ್ದೆ. ಮಿಲ್ಲಿನ ಗೇಟಿನಾಗೆ, ರಾತ್ರಿ ಪಾಳಿ ಹುಡುಗರಿಗೆ. ಅವರು ಹೆದರ್ತಿದ್ರು, ನಗ್ತಿದ್ರು. ಇವತ್ತು ಪೂರ್ತಿ ಹೇಳ್ತೀನಿ.

ನನ್ನ ಹೆಸರು ಹಾಲೇಶಪ್ಪ. ಊರು ಭಾನುವಳ್ಳಿ. ಓದಿದ್ದು ಮೂರನೇ ಕ್ಲಾಸು. ಹರಿಹರದ ಒಂದು ಅಕ್ಕಿ ಮಿಲ್ಲಿನಲ್ಲಿ ಇಪ್ಪತ್ತೆಂಟು ವರ್ಷ ಮೂಟೆ ಹೊತ್ತೆ. ಸೊಂಟ ಹೋಯ್ತು. ಈಗ ಅಲ್ಲೇ ಗೇಟು ಕಾಯ್ತೀನಿ. ಮಕ್ಕಳಾಗಲಿಲ್ಲ. ನಾನು, ಕೊಟ್ರವ್ವ, ಇಬ್ಬರೇ ಇದ್ವಿ. ದೀಪಾವಳಿ ಇನ್ನೂ ನಾಲ್ಕು ದಿನ ಇರೋವಾಗ ಕೊಟ್ರವ್ವ ಹೋದಳು.

ಬಕ್ಕೇಶ ನನ್ನ ಚಿಕ್ಕಮ್ಮನ ಮಗ. ದಾವಣಗೆರೆ ವಿದ್ಯಾನಗರದಲ್ಲಿ ಬಾಡಿಗೆ ಮನೆ. ಪ್ರೈವೇಟ್ ಶಾಲೆಯಲ್ಲಿ ಮೇಷ್ಟ್ರಾಗಿದ್ದ. ಶಾಲೆ ಮುಚ್ಚಿತು. ಕೆಲಸ ಹುಡುಕ್ತಿದ್ದಾಗ ಜನಗಣತಿಗೆ ತಾತ್ಕಾಲಿಕ ಅಂತ ತಗೊಂಡರು. ಮೊದಲು ಮನೆ ಎಣಿಸಬೇಕು. ಮನೆ ಹೆಂಗೈತೆ, ಒಳಗೆ ಎಷ್ಟು ಜನ, ನೀರೆಲ್ಲಿಂದ, ದೀಪ ಯಾವುದು. ಎಲ್ಲಾ ಮೊಬೈಲಿನಾಗೆ ತುಂಬೋದು. ಕೊರಳಿಗೆ ಗುರುತಿನ ಚೀಟಿ ಹಾಕ್ಕೊಂಡು ನಮ್ಮ ಮನೆಗೆ ಬಂದ.

"ಅಣ್ಣ, ನೋಡು. ಎರಡು ತಿಂಗಳು ನಾನೂ ಸರ್ಕಾರ" ಅಂದ.

"ಸರ್ಕಾರಕ್ಕೆ ಚಾ ಬೇಕಾ?" ಅಂದೆ.

"ಬೇಕು. ಖಾಯಂ ಮೇಷ್ಟ್ರುಗಳೆಲ್ಲಾ ಊರೊಳಗಿನ ಓಣಿ ತಗೊಂಡರು. ಟೆಂಪರವರಿ ನನಗೆ ದಾರಿ ಇಲ್ದಿರೋ ಮನೆ, ನಾಯಿ ಇರೋ ಮನೆ. ಹೊಲದ ಮನೆ, ಕುರಿ ಹಟ್ಟಿ. ಒಂದೊಂದು ಮನೆಗೆ ಒಂದೊಂದು ಮೈಲಿ."

ನಮ್ಮ ಮನೆ ಕೇರಿಯ ಕೊನೆಗೆ ಐತೆ. ಅದೂ ಅವನ ಪಾಲಿಗೇ ಬಂದಿತ್ತು. ಅದನ್ನೇ ಮೊದಲು ಬರೆದುಕೊಂಡ. ಗೋಡೆ, ಹಂಚು, ನಲ್ಲಿ, ಕಕ್ಕಸು. ಹೆಚ್ಚಿಗೆ ಏನು ಉಣ್ತೀರಿ, ಅಕ್ಕಿನೋ ಜೋಳನೋ ಅಂತನೂ ಕೇಳ್ತಾರೆ. ಎಲ್ಲಾ ಹೇಳಿದೆ.

"ಇರೋರು ಎಷ್ಟು ಜನ?" ಅಂದ. ಅವನಿಗೆ ಗೊತ್ತು. ಆದ್ರೂ ಕೇಳಬೇಕು.

"ಇಬ್ರು" ಅಂದೆ.

ಅವನ ಬೆರಳು ಫೋನಿನ ಮೇಲೆ ನಿಂತಿತು.

"ಅಣ್ಣ..."

"ಒಬ್ಬ. ಒಬ್ಬ ಅಂತ ಹಾಕು."

ಆಮೇಲೆ ಇನ್ನೊಂದು ಐತೆ. ಮನೆಯಲ್ಲಿ ಮದುವೆ ಆದ ಜೋಡಿ ಎಷ್ಟು ಅಂತ. ಅದನ್ನ ಅವನು ಕೇಳಲೇ ಇಲ್ಲ. ತಲೆ ಬಗ್ಗಿಸಿ ತಾನೇ ಸೊನ್ನೆ ಒತ್ತಿದ. ಫೋನು ಟಿಕ್ ಅಂತು.

ರೊಟ್ಟಿ ಹಾಕಿದೆ. ನಾನೇ ಬಡಿದಿದ್ದು. ಮುರಿಯೋಕೆ ನೋಡಿದ. ಮುರೀಲಿಲ್ಲ.

"ಅಣ್ಣ, ಇದು ರೊಟ್ಟಿನೋ ಮಿಲ್ಲಿನ ಬೆಲ್ಟೋ?"

ಇಬ್ಬರೂ ನಕ್ಕೆವು. ನಗ್ತಾ ನಗ್ತಾ ಅವನು ಕೇಳಿದ.

"ನಾಲೆ ಮೇಲೆ, ಹಳೇ ಬಾವಿ ಹತ್ರ ಒಂದು ಮನೆ ತೋರಿಸ್ತೈತೆ ನಕ್ಷೆಯಲ್ಲಿ. ಯಾರಿದಾರೆ ಅಲ್ಲಿ?"

ನಾನು ರೊಟ್ಟಿ ನೋಡ್ತಾ ಹೇಳಿದೆ.

"ಯಾರೂ ಇಲ್ಲ. ಹಿಂದೆ ದನ ಕಟ್ತಿದ್ರು. ಖಾಲಿ ಬಿದ್ದೈತೆ. ಅಷ್ಟು ದೂರ ಯಾಕ ನಡೀತೀಯ, ಖಾಲಿ ಅಂತ ಬರ್ಕೋ."

ದೂರದ ಮನೆಗಳನ್ನ ಹಂಗೂ ಬರೆಯೋದುಂಟು. ಬಿಸಿಲಾಗೆ ಯಾರು ಹೋಗ್ತಾರೆ. ಊರಿನೋನೊಬ್ಬನ್ನ ಕೂರಿಸ್ಕೊಂಡು ಕೇಳೋದು, ಅವನು ಹೇಳಿದ್ದು ಬರೆಯೋದು. ಬಕ್ಕೇಶ ಹಂಗೆ ಮಾಡೋನಲ್ಲ. ಆದರೆ ಹೇಳಿದೋನು ಅಣ್ಣ. "ನೀನು ಹೇಳಿದ ಮೇಲೆ ಆಯ್ತು ಬಿಡು" ಅಂದ. ಖಾಲಿ ಅಂತ ಒತ್ತಿದ. ಫೋನು ಮತ್ತೆ ಟಿಕ್ ಅಂತು.

ಆ ಮನೆ ಖಾಲಿ ಇರಲಿಲ್ಲ. ಅಲ್ಲಿ ಹುಲಿಗೆಮ್ಮ ಇದಾಳೆ. ಕೊಟ್ರವ್ವನ ಅಕ್ಕ.

ಇನ್ನು ಹೇಳೋದು ಕಷ್ಟ. ಹೇಳ್ತೀನಿ.

ಹುಲಿಗೆಮ್ಮ ಕೊಟ್ರವ್ವಗಿಂತ ಹದಿನಾಲ್ಕು ವರ್ಷ ದೊಡ್ಡೋಳು. ತಾಯಿ ಬೇಗ ಹೋದಳು. ಅಕ್ಕನೇ ಎತ್ತಿ ಬೆಳೆಸಿದಳು. ಗಂಡ ಸತ್ತ ಮೇಲೆ ನಾಲೆ ಮೇಲೆ ಮನೆ ಕಟ್ಟಿಕೊಂಡು, ನಾಲ್ಕು ಎಮ್ಮೆ ಇಟ್ಕೊಂಡು ಇದ್ದಳು. ಈಗ ಎಮ್ಮೆನೂ ಇಲ್ಲ.

ಹನ್ನೊಂದು ವರ್ಷದ ಹಿಂದೆ ನಾನೊಂದು ದಿನ ಕುಡಿದು ಬಂದು ಕೊಟ್ರವ್ವನ್ನ ಹೊಡೆದೆ. ಯಾಕೆ ಅಂತ ನೆನಪಿಲ್ಲ. ಹೊಡೆದಿದ್ದು ನೆನಪೈತೆ. ಮಾರನೇ ದಿನ ಹುಲಿಗೆಮ್ಮ ಬಂದಳು. ಒಳಗೆ ಬರಲಿಲ್ಲ. ಕೇರಿ ನಡುವೆ ನಿಂತಳು.

"ಹಾಲೇಶಾ, ಬಾ ಹೊರಗೆ! ಕೈ ತುರಿಸ್ತಿದ್ರೆ ನನ್ನ ಹೊಡಿ ಬಾ! ಮೂಟೆ ಹೊತ್ತು ಸೊಂಟ ಬಗ್ಗೈತೆ, ಹೆಂಡ್ತಿ ಮ್ಯಾಲೆ ಕೈ ಮಾತ್ರ ನೆಟ್ಟಗೆ ಏಳ್ತೈತೇನೋ?"

ಕೇರಿಯೋರು ನಕ್ಕರು. ನನಗೆ ಆ ನಗು ಕಿವಿಯಾಗೆ ಕೂತುಬಿಡ್ತು. ಇವಳು ನನ್ನ ಹೊಸಿಲು ತುಳಿಯಂಗಿಲ್ಲ, ನೀನು ಅವಳ ಮನೆಗೆ ಹೋಗಂಗಿಲ್ಲ ಅಂದೆ ಕೊಟ್ರವ್ವಗೆ. ಆಕಿ ಹೋಗಲಿಲ್ಲ. ಹನ್ನೊಂದು ವರ್ಷ. ಸಂತೇಲಿ ಸಿಕ್ಕರೆ ಮಾತಾಡ್ತಿದ್ರಂತೆ. ನನಗೆ ಗೊತ್ತಿರಲಿಲ್ಲ ಅನ್ನಂಗೆ ಇದ್ದೆ.

ಕೊಟ್ರವ್ವ ಕಾಯಿಲೆ ಬಿದ್ದಳು. ದಾವಣಗೆರೆ ಆಸ್ಪತ್ರೆಯಲ್ಲಿ ಹತ್ತೊಂಬತ್ತು ದಿನ. ದಿನಾ ಒಂದೇ ಮಾತು.

"ಅಕ್ಕಗೆ ಹೇಳಿ ಕಳಿಸಿದ್ರಾ?"

"ಕಳಿಸೀನಿ" ಅಂದೆ.

ನಾಲ್ಕು ದಿನ ಆದ ಮೇಲೆ, "ಅಕ್ಕ ಏನಂದ್ಲು?"

"ಬರ್ತಾಳಂತೆ. ಇನ್ನೊಂದು ಸಲ ಹೇಳಿ ಕಳಿಸೀನಿ."

ಕಳಿಸಿರಲಿಲ್ಲ. ಇವತ್ತು ಕಳಿಸ್ತೀನಿ, ನಾಳೆ ಕಳಿಸ್ತೀನಿ ಅಂತ ಇದ್ದೆ. ಅಕ್ಕ ತಂಗಿ ನಡುವೆ ನಿಂತು ಹುಲಿಗೆಮ್ಮನ ಮುಖ ನೋಡೋದು ಹೆಂಗೆ ಅಂತ ಇತ್ತು. ಕೊನೆಗೆ ಕೊಟ್ರವ್ವ ಕೇಳೋದೇ ಬಿಟ್ಟಳು. ಗೋಡೆ ಕಡೆ ತಿರುಗಿ ಮಲಗ್ತಿದ್ದಳು. ಒಂದು ದಿನ ಅಂದಳು, "ಬಿಡ್ರಿ. ಆಕಿಗೆ ಬರಾಕೆ ಮನಸ್ಸಿಲ್ಲ." ಆವತ್ತೂ ನಾನು ಬಾಯಿ ಬಿಡಲಿಲ್ಲ. ಎರಡು ದಿನಕ್ಕೆ ಹೋದಳು.

ಆ ಕೋಣೆಯಲ್ಲಿ ನಾವಿಬ್ಬರೇ ಇದ್ವಿ. ಈ ಮಾತು ಯಾರಿಗೂ ಗೊತ್ತಿಲ್ಲ. ಬಕ್ಕೇಶಗೂ ಗೊತ್ತಿರಲಿಲ್ಲ. ಇದನ್ನ ನೆನಪಿಟ್ಟುಕೊಳ್ರಿ.

ಮಣ್ಣಾದ ಮೂರನೇ ದಿನ ಹುಲಿಗೆಮ್ಮಗೆ ಸುದ್ದಿ ಮುಟ್ಟಿತು. ಸ್ಮಶಾನಕ್ಕೆ ಹೋಗಿ ಕೂತು ಎದ್ದು ಹೋದಳಂತೆ. ನನ್ನ ಮನೆ ಕಡೆ ನೋಡಲಿಲ್ಲ. ನಾನೂ ನಾಲೆ ಕಡೆ ಹೋಗಲಿಲ್ಲ. ಬಕ್ಕೇಶನ ಫೋನಿನಾಗೆ ಆ ಮನೆ ಖಾಲಿ ಅಂತ ಬಿತ್ತಲ್ಲ, ಆಗ ನನಗೊಂದು ಸಮಾಧಾನ ಆಯ್ತು. ಅದನ್ನೂ ಹೇಳಿಬಿಡ್ತೀನಿ. ಆಕಿ ಇಲ್ಲವೇ ಇಲ್ಲ ಅಂತ ಆದಂಗೆ.

ಈಗ ಆ ರಾತ್ರಿಗೆ ಬರ್ತೀನಿ.

ಬಕ್ಕೇಶ ಊಟ ಮಾಡಿ ಕೊಕ್ಕನೂರು ಕಡೆ ಕುರಿ ಹಟ್ಟಿಗಳಿಗೆ ಹೋದ. ಕುರಿಯೋರು ಸಿಗೋದು ಹೊತ್ತು ಮುಳುಗಿದ ಮೇಲೆ. ಎಣಿಸಿ ಮುಗಿಸೋ ಹೊತ್ತಿಗೆ ಎಂಟಾಯ್ತು. ಬೈಕು ಪಂಕ್ಚರ್. ತಳ್ಳಿಕೊಂಡು ಕೊಕ್ಕನೂರಿನ ನಬೀ ಸಾಬ್ ಪಂಕ್ಚರ್ ಅಂಗಡಿಗೆ ಬಂದ. ನಬೀ ಸಾಬ್ ಬಾಗಿಲು ಎಳೀತಿದ್ದ.

"ಟ್ಯೂಬು ಪೂರಾ ಖತಂ ಮೇಷ್ಟ್ರೇ. ನಾಳೆ ಬರ್ರಿ."

"ಬಸ್ಸು?"

"ಲಾಸ್ಟ್ ಬಸ್ಸಿನೋರು ಇಷ್ಟೊತ್ತಿಗೆ ಉಂಡು ಮಲಗಿರ್ತಾರೆ. ನಾಲೆ ಮ್ಯಾಲೆ ಹೋಗ್ರಿ. ಮುದುಕಿ ಮನೆ ಸಿಕ್ತೈತೆ, ಅಲ್ಲಿಂದ ಭಾನುವಳ್ಳಿ ಹತ್ರ."

"ಯಾವ ಮುದುಕಿ?"

"ಹುಲಿಗೆಮ್ಮ ರೀ. ನಾಲೆ ಮ್ಯಾಲೆ ಇರೋದೇ ಒಂದು ಮನೆ."

ಬಕ್ಕೇಶಗೆ ಹುಲಿಗೆಮ್ಮ ಅಂದ್ರೆ ಯಾರು ಅಂತ ಗೊತ್ತಿಲ್ಲ. ನಮ್ಮನೇಲಿ ಹನ್ನೊಂದು ವರ್ಷ ಆ ಹೆಸರು ಯಾರೂ ಎತ್ತಿರಲಿಲ್ಲ. ಅದಕ್ಕೂ ಮುಂಚೆ ಅವನು ನಮ್ಮನೆಗೆ ಬಂದಿದ್ದೇ ಅಪರೂಪ. ಅವನಿಗೆ ಹೊಳೆದಿದ್ದು ಒಂದೇ. ಇದ್ದೋರನ್ನ ಇಲ್ಲ ಅಂತ ಬರೆದುಬಿಟ್ಟೆ ಅಂತ. ಅದು ಅವನಿಗೆ ಚುಚ್ಚಿತು. ಈಗಲೇ ಹೋಗಿ ಸರಿ ಮಾಡ್ತೀನಿ ಅಂತ ಹೊರಟ.

ಬಾವಿ. ಕೊಡ ಮುಳುಗೋ ಸದ್ದು. ಒದ್ದೆ ಹೆಜ್ಜೆ. ಅದನ್ನ ಹೇಳಿದೀನಿ.

ಹೆಜ್ಜೆ ಅವನ ಮುಂದೆ ಮುಂದೆ ಹೋಯ್ತು. ಅವನು ನಿಂತರೆ ನಿಂತಿತು. ಮನೆ ಹತ್ತಿರ ಬಂದಾಗ ಕೊಡ ಇಳಿಸೋ ಸದ್ದು. ಠಕ್. ಆಮೇಲೆ ಬಳೆ. ಗಾಜಿನ ಬಳೆ, ತುಂಬು ಕೈ ಬಳೆ. ಘಲ್ ಅಂತ ಒಂದೇ ಸಲ.

ಸಣ್ಣ ಮನೆ. ಮಣ್ಣಿನ ಗೋಡೆ, ತಗಡು. ಒಳಗೆ ಬುಡ್ಡಿ ದೀಪ. ಬಾಗಿಲ ಪಕ್ಕ ಕಲ್ಲಿನ ಮೇಲೆ ಮುದುಕಿ ಒಬ್ಬಳು ಗೋಡೆಗೆ ಒರಗಿ ಕೂತಿದ್ದಳು. ತಲೆ ತುಂಬಾ ಸೆರಗು.

"ಅವ್ವಾ" ಅಂದ. ಅಲುಗಲಿಲ್ಲ. "ಅವ್ವಾ, ಜನಗಣತಿಯೋನು."

ಒಳಗಿನಿಂದ ಮಾತು ಬಂತು. ಹೆಣ್ಣು ದನಿ. ಗಂಟಲು ಕಟ್ಟಿದಂಗೆ ಇತ್ತು.

"ಕೂಗಬ್ಯಾಡ್ರಿ... ಆಕಿಗೆ ಕಿವಿ ಮಂದ. ಈಗ ಕಣ್ಣು ಹತ್ತೈತೆ."

"ಮನೆ ಬರ್ಕೊಳ್ಳೋಕೆ ಬಂದೀನಿ."

"ಕೇಳ್ರಿ... ನಾನು ಹೇಳ್ತೀನಿ."

ಬಾಗಿಲ ಮರೆಗೆ ನಿಂತಿದ್ದಳು. ಮುಖ ಕಾಣಲಿಲ್ಲ. ಹಳ್ಳಿ ಹೆಣ್ಮಕ್ಳು ಹೊಸಬರ ಮುಂದೆ ಹಂಗೇ ನಿಲ್ತಾರೆ. ಬಕ್ಕೇಶ ಫೋನು ತೆಗೆದ. ಅವನೂ ದನಿ ಇಳಿಸಿದ.

"ಮನೆ ಯಜಮಾನರು?"

"ಅಕ್ಕ. ಹುಲಿಗೆಮ್ಮ."

"ಕುಡಿಯೋ ನೀರು?"

"ಬಾವಿದು. ನಾನು ತರ್ತೀನಿ."

"ಹೆಚ್ಚಿಗೆ ಏನು ಉಣ್ತೀರಿ?"

"ಆಕಿಗೆ ಜೋಳ."

"ನೀವು?"

"ನಾನು ಉಣ್ಣಲ್ಲ..."

ಒಪ್ಪತ್ತು ಇರಬೇಕು ಅಂದುಕೊಂಡ. ಮುಂದಕ್ಕೆ ಹೋದ.

"ಇರೋರು ಎಷ್ಟು?"

"ಇಬ್ರು."

ಎರಡು ಒತ್ತಿದ. ಟಿಕ್.

"ಮದುವೆ ಆದ ಜೋಡಿ ಎಷ್ಟು?"

ಬಳೆ ಅಲುಗಿತು.

"ಇಲ್ಲಿ ಜೋಡಿ ಇಲ್ಲ..."

"ನಿಮಗೆ ಮದುವೆ ಆಗಿಲ್ವಾ?"

"ಆಗೈತೆ. ಅವರು ಊರಾಗೆ ಅದಾರೆ."

"ಏನು ಅವರ ಹೆಸರು?" ಫಾರಂನಾಗೆ ಅದು ಬೇಡ. ಸುಮ್ಮನೆ ಕೇಳಿದ.

ಒಳಗೆ ಮೆಲ್ಲಗೆ ನಕ್ಕಳಂತೆ. ನಮ್ಮ ಕಡೆ ಹೆಣ್ಮಕ್ಳು ಗಂಡನ ಹೆಸರು ಹೇಳಲ್ಲ. ಸುತ್ತಿ ಬಳಸಿ ಹೇಳ್ತಾರೆ.

"ನೀವು ಮಧ್ಯಾಹ್ನ ಯಾರ ಮನೇಲಿ ಉಂಡ್ರೋ ಅವರು..."

ಬಕ್ಕೇಶಗೆ ಕೈ ನಿಂತಿತು.

"ಮತ್ತೆ ನೀವ್ಯಾಕೆ ಇಲ್ಲಿ ಅದೀರಿ?"

"ಅವರು ಹೇಳಿ ಕಳಿಸಿದ್ರು. ಎರಡು ಸಲ ಕಳಿಸಿದ್ರು ಪಾಪ... ಅಕ್ಕನೇ ಬರಲಿಲ್ಲ. ಅದಕ್ಕೆ ನಾನೇ ಬಂದೆ."

ದೀಪ ಸಣ್ಣಗಾಯ್ತು. "ಕತ್ತಲಾಗೈತೆ, ನೋಡ್ಕೊಂಡು ಹೋಗ್ರಿ" ಅಂದಳು. ಮುದುಕಿ ಕೂತಲ್ಲೇ ನಿದ್ದೆಯಲ್ಲಿದ್ದಳು.

ಅವನು ನಮ್ಮ ಮನೆಗೆ ಬಂದಾಗ ಹತ್ತು ಗಂಟೆ. ಹೆದರಿರಲಿಲ್ಲ. ಒಂಥರಾ ನಗ್ತಿದ್ದ. ಬಾಗಿಲಲ್ಲೇ ನಿಂತು ಅಂದ.

"ಅಣ್ಣ, ನೀನು ಭಾರಿ ಇದೀಯ."

"ಯಾಕೋ?"

"ಮನೆ ಖಾಲಿ ಅಂದ್ಯಲ್ಲ. ನನಗೆ ಹೇಳಿದ್ರೆ ಏನಾಗ್ತಿತ್ತು? ಅತ್ತಿಗೆ ಹೋಗಿ ಆರು ತಿಂಗಳಾಗಿಲ್ಲ..."

"ಏನು ಹೇಳ್ತಿದೀಯ?"

"ನಾಲೆ ಮೇಲೆ ಒಂದು ಮನೆ ಮಾಡೀಯಲ್ಲ. ಬಳೆ ಗಿಳೆ ತೊಡಿಸಿ. ಆಕಿನೇ ಹೇಳಿದ್ಲು, ನಾನು ಉಂಡ ಮನೆಯೋರೇ ಗಂಡ ಅಂತ. ನಾನು ಉಂಡಿದ್ದು ಇಲ್ಲೇ ಅಲ್ವಾ?"

ನನಗೆ ಸಿಟ್ಟು ಬಂತು. ಮುದುಕಿ ಯಾರನ್ನೋ ಇಟ್ಕೊಂಡು ನನ್ನ ಮರ್ಯಾದೆ ತೆಗೀತಿದಾಳೆ ಅಂದುಕೊಂಡೆ. ಬೈದೆ. ಅವನೂ ದನಿ ಎತ್ತಿದ.

"ಬಿಡಣ್ಣ, ಬೈಬ್ಯಾಡ. ಆಕಿಯೇನೂ ನಿನ್ನ ದೂರಲಿಲ್ಲ. ಪಾಪ ಅಂದ್ಲು. ಅವರು ಎರಡು ಸಲ ಹೇಳಿ ಕಳಿಸಿದ್ರು, ಅಕ್ಕನೇ ಬರಲಿಲ್ಲ, ಅದಕ್ಕೆ ನಾನೇ ಬಂದೆ ಅಂದ್ಲು."

ನಾನು ನೆಲದ ಮೇಲೆ ಕೂತೆ.

ಅವನು ನೀರು ತಂದುಕೊಟ್ಟ. ಕುಡಿಯೋಕೆ ಆಗಲಿಲ್ಲ. ಇನ್ನೊಂದು ಸಲ ಹೇಳು ಅಂದೆ. ಹೇಳಿದ. ದನಿ ಹೆಂಗಿತ್ತು ಅಂದೆ. ಗಂಟಲು ಕಟ್ಟಿದಂಗೆ ಅಂದ. ಆಸ್ಪತ್ರೆಯಲ್ಲಿ ಕೊನೇ ವಾರ ಆಕಿ ಗಂಟಲಿಗೆ ನಳಿಗೆ ಹಾಕಿದ್ರು. ತೆಗೆದ ಮೇಲೆ ದನಿ ಹಂಗೇ ಇತ್ತು. ಮಣ್ಣು ಮಾಡೋವಾಗ ಕೇರಿ ಹೆಣ್ಮಕ್ಳು ಎರಡೂ ಕೈಗೆ ಹಸಿರು ಬಳೆ ತೊಡಿಸಿದ್ರು. ಮುತ್ತೈದೆ ಅಂತ. ಬಕ್ಕೇಶನೂ ಅಲ್ಲಿದ್ದ.

ಆಗ ಅವನಿಗೆ ಹೇಳಿದೆ. ಹುಲಿಗೆಮ್ಮ ಯಾರು, ನಾನು ಕೊಟ್ರವ್ವಗೆ ಏನು ಹೇಳಿದೆ, ಏನು ಮಾಡಲಿಲ್ಲ.

ಅವನು ಬಾಗಿಲು ಹಾಕಿದ. ಚಿಲಕ ಹಾಕಿದ. ಆಮೇಲೆ ಫೋನು ತೆಗೆದು ನನಗೆ ತೋರಿಸಿದ. ನನಗೆ ಓದೋಕೆ ಬರೋದು ಕಮ್ಮಿ. ಅಂಕಿ ಬರ್ತೈತೆ. ಎರಡು ಅಂತ ಇತ್ತು.

ರಾತ್ರಿ ಇಬ್ಬರೂ ಮಲಗಲಿಲ್ಲ. ನನಗೆ ಭಯ ಆಗಿತ್ತಾ ಅಂತ ಕೇಳಿದ್ರೆ, ಆಗಿತ್ತು. ಆದರೆ ಆಕಿ ಬಂದಿದಾಳಲ್ಲ ಅಂತಲ್ಲ. ಸತ್ತ ಮೇಲೂ ನನ್ನ ಮಾತು ನಂಬಿಕೊಂಡಿದಾಳೆ. ಪಾಪ ಅಂತಾಳೆ. ಅಕ್ಕನ ಮನೇಲಿ ಇದ್ದುಕೊಂಡು, ಅಕ್ಕನ ನೀರು ಸೇದಿಕೊಂಡು, ಅಕ್ಕನೇ ಬರಲಿಲ್ಲ ಅಂತ ತಿಳ್ಕೊಂಡಿದಾಳೆ. ಅದಕ್ಕೆ ಭಯ ಆಯ್ತು.

ಬೆಳಕು ಹರಿದ ಕೂಡಲೇ ನಾನೇ ಎದ್ದು ನಿಂತೆ. "ನಡಿ" ಅಂದೆ.

ಆ ಮನೆ ಎದುರು ನಾಲೆ ಮೆಟ್ಟಿಲ ಮೇಲೆ ಹೆಣ್ಮಕ್ಳು ಬಟ್ಟೆ ಒಗೀತಿದ್ರು. ಏಳೆಂಟು ಜನ. ಧಪ್ ಧಪ್ ಧಪ್. ಒಬ್ಬಳು ನನ್ನ ನೋಡಿದಳು.

"ಏನು ಹಾಲೇಶಣ್ಣ, ದಾರಿ ತಪ್ಪಿ ಬಂದ್ಯಾ? ಹನ್ನೊಂದು ವರ್ಷಕ್ಕೆ?"

ಹುಲಿಗೆಮ್ಮ ಹೊರಗೆ ಕಲ್ಲಿನ ಮೇಲೆ ಕೂತು ಬೆಂಡೆಕಾಯಿ ಹೆಚ್ತಿದ್ದಳು. ತಲೆ ಎತ್ತಿದಳು.

"ಯಾರದು?"

"ನಾನಕ್ಕ. ಹಾಲೇಶ."

"ಯಾವ ಹಾಲೇಶ?" ಮತ್ತೆ ಬೆಂಡೆಕಾಯಿ ಹೆಚ್ಚಿದಳು.

ನಿಂತೆ. ಕೂತ್ಕೋ ಅನ್ನಲಿಲ್ಲ.

"ಕೊಟ್ರವ್ವ ಆಸ್ಪತ್ರೇಲಿ ನಿನ್ನ ಕೇಳ್ತಿದ್ಲು" ಅಂದೆ. "ನಾನು ಹೇಳಿ ಕಳಿಸಲಿಲ್ಲ."

"ಹಾಂ? ಕಿವಿ ಕೇಳಲ್ಲಪ್ಪ. ಜೋರಾಗಿ."

"ಕೊಟ್ರವ್ವ ನಿನ್ನ ಕೇಳ್ತಿದ್ಲು! ನಾನು ಹೇಳಿ ಕಳಿಸಲಿಲ್ಲ!"

"ಏನು ಕಳಿಸಿದಿ?"

ಹಿಂದೆ ಬಟ್ಟೆ ಒಗೆಯೋ ಸದ್ದು ಒಂದೊಂದೇ ನಿಂತಿತು. ನಾನು ಬಾಗಿಲ ಕಡೆ ನೋಡಿದೆ. ಒಳಗೆ ಕತ್ತಲಿತ್ತು. ಬಾಗಿಲ ಕಡೆ ನೋಡಿಕೊಂಡೇ ಕೂಗಿದೆ.

"ಏನೂ ಕಳಿಸಲಿಲ್ಲ! ಕಳಿಸೀನಿ ಅಂತ ಆಕಿಗೆ ಸುಳ್ಳು ಹೇಳಿದೆ! ಅಕ್ಕ ಬರ್ತಾಳಂತೆ ಅಂದೆ! ನೀನೇ ಬರಲಿಲ್ಲ ಅಂತ ತಿಳ್ಕೊಂಡು ಸತ್ತಳು! ನಿನ್ನ ತಪ್ಪಿಲ್ಲ, ನಾನೇ ಹೇಳಲಿಲ್ಲ!"

ದನಿ ನೀರಿನ ಮೇಲೆ ಆಚೆ ದಂಡೆಗೆ ಹೋಯ್ತು.

ಹುಲಿಗೆಮ್ಮ ಇಳಿಗೆ ಪಕ್ಕಕ್ಕಿಟ್ಟಳು.

"ಮೊದಲ್ನೇ ಸಲಾನೇ ಕೇಳಿತ್ತು" ಅಂದಳು, ಮೆಲ್ಲಗೆ. ಗದ್ದ ಎತ್ತಿ ಮೆಟ್ಟಿಲ ಕಡೆ ತೋರಿಸಿದಳು. "ಅವರಿಗೂ ಕೇಳಲಿ ಅಂತ."

ಆಮೇಲೆ ಸೆರಗು ಬಾಯಿಗೆ ಒತ್ತಿಕೊಂಡಳು. ಬಹಳ ಹೊತ್ತು. ನಾನು ನಿಂತೇ ಇದ್ದೆ. ಬಕ್ಕೇಶ ನಾಲೆ ಕಡೆ ನೋಡ್ತಿದ್ದ. ಕೊನೆಗೆ ಆಕಿನೇ ಅವನ ಕಡೆ ನೋಡಿ ಕೇಳಿದಳು.

"ಇವನ್ಯಾರು? ಕೊರಳಿಗೆ ಚೀಟಿ ಕಟ್ಕೊಂಡಾನೆ."

"ಜನಗಣತಿಯೋನು ಅವ್ವ. ರಾತ್ರಿ ಬಂದಿದ್ದೆ. ಇಲ್ಲಿ ಎಷ್ಟು ಜನ ಅದೀರಿ?"

"ಕಣ್ಣು ಕಾಣಲ್ವಾ? ಒಬ್ಬಳು."

"ರಾತ್ರಿ ಒಳಗೆ ಇನ್ನೊಬ್ಬರು..."

"ಒಬ್ಬಳು ಅಂದೆನಲ್ಲ."

ಬಕ್ಕೇಶ ನನ್ನ ಮುಖ ನೋಡಿದ. "ಏನು ಬರೀಲಿ ಅಣ್ಣ?" ಅಂತ ಕಣ್ಣಲ್ಲೇ ಕೇಳಿದ. ಇನ್ನು ನಾನು ಹೇಳಿದ್ದು ಬರೀಬ್ಯಾಡ ಅಂದೆ. ಅವನು ಒಂದು ಅಂತ ಮಾಡಿದ. ಖಾಲಿ ಅಂತ ಬರೆದಿದ್ದನ್ನ ಮೇಲಿನೋರಿಗೆ ತಾನೇ ಫೋನು ಮಾಡಿ ಹೇಳಿದ, ಬೈಸಿಕೊಂಡ. ಬಾಗಿಲ ಪಕ್ಕ ಗೋಡೆ ಮೇಲೆ ಮಾರ್ಕರಿನಾಗೆ ಜನಗಣತಿ ನಂಬರು ಬರೆದ.

ಹುಲಿಗೆಮ್ಮ ಅದನ್ನ ಬೆರಳಲ್ಲಿ ಮುಟ್ಟಿದಳು.

"ಇದಿದ್ರೆ ನಾನಿದೀನಿ ಅಂತನಾ?"

"ಹೌದವ್ವ."

"ನಿನ್ನೆ ಇರಲಿಲ್ಲೇನು?" ಅವನನ್ನ ಕೇಳಿದಳು. ನೋಡಿದ್ದು ನನ್ನ.

"ಬಂದೀರಿ, ನೀರು ಕುಡೀರಿ" ಅಂತ ಎದ್ದಳು. ಒಳಗೆ ತಿರುಗಿದಳು. ಬಗ್ಗಿ ಹೊಸಿಲು ದಾಟೋವಾಗ ತಲೆ ಮೇಲಿನ ಸೆರಗು ಜಾರಿತು.

ಜಡೆ.

ಹುಲಿಗೆಮ್ಮನ ಬಲಗೈ ಭುಜದಿಂದ ಮೇಲಕ್ಕೆ ಏಳಲ್ಲ. ಮೂರು ವರ್ಷದ ಹಿಂದೆ ಇದೇ ನಾಲೆ ಮೆಟ್ಟಿಲ ಮೇಲೆ ಬಿದ್ದು ಮುರಿದಿದ್ದು, ನೆಟ್ಟಗೆ ಕೂಡಲಿಲ್ಲ. ಭಾನುವಳ್ಳಿಯಲ್ಲಿ ಯಾರನ್ನಾದ್ರೂ ಕೇಳ್ರಿ, ಹೇಳ್ತಾರೆ. ಬಾಚಿಕೊಳ್ಳೋಕೆ ಆಗಲ್ಲ ಅಂತ ಕೂದಲು ಸಿಕ್ಕುಗಟ್ಟಿ, ಒಗೆಯೋ ಹೆಣ್ಮಕ್ಳು ಆವಾಗಾವಾಗ ಕತ್ತರೀಲಿ ಸಿಕ್ಕು ಬಿಡಿಸ್ತಿದ್ರಂತೆ. ಅದನ್ನ ಅವರೇ ಆಮೇಲೆ ನನಗೆ ಹೇಳಿದ್ದು. ದೀಪಾವಳಿ ಆದ ಮೇಲೆ ಆಕಿ ಯಾರ ಕೈಗೂ ತಲೆ ಕೊಟ್ಟಿಲ್ಲ.

ಆವತ್ತು ಬಿಳಿ ಕೂದಲು ನುಣ್ಣಗೆ ಬಾಚಿತ್ತು. ಬೈತಲೆ ನೆಟ್ಟಗಿತ್ತು. ಜಡೆ ಮೂರು ಎಳೆ, ಬಿಗಿ, ಬೆನ್ನ ನಡುವಿನ ತನಕ. ತುದಿಗೆ ಕರೀ ದಾರ.

"ಯಾರು ಹಾಕಿದ್ರಕ್ಕ?" ಅಂದೆ. ದನಿ ಎತ್ತಿರಲಿಲ್ಲ. ಆದ್ರೂ ಕೇಳಿತು ಆಕಿಗೆ.

"ಬೆಳಗ್ಗೆ ಏಳೋ ಹೊತ್ತಿಗೆ ಹಾಕಿರ್ತೈತೆ."

"ಯಾರು ಅಂತ ಕೇಳಿಲ್ವಾ?"

"ಕೇಳಿ, ನಾಳೆಯಿಂದ ಹಾಕದೇ ಹೋದ್ರೆ?"

ಎರಡು ಲೋಟ ನೀರು ತಂದಳು. ಬಾವಿ ನೀರು. ಕುಡಿದೆವು.

ನಾನು ಸುಳ್ಳು ಹೇಳಿದೋನು ಅಂತ ನಿಮಗೆ ಗೊತ್ತಾಯ್ತು. ನಂಬ್ರಿ ಅಂತ ಯಾವ ಬಾಯಲ್ಲಿ ಹೇಳಲಿ. ಆದರೆ ಇದು ನಡೆದಿದ್ದು. ಈಗ ವಾರಕ್ಕೊಂದು ಸಲ ನಾಲೆಗೆ ಹೋಗ್ತೀನಿ. ಹೊಸಿಲು ದಾಟಲ್ಲ, ಹೊರಗೇ ಕೂರ್ತೀನಿ. ಮೊನ್ನೆ ಸೋಮವಾರ ಹೋಗಿದ್ದೆ. ಆಕಿ ಬೆನ್ನು ಮಾಡಿ ಜೋಳ ಕೇರ್ತಿದ್ದಳು. ಜಡೆ ಹಾಕಿತ್ತು. ಎಣ್ಣೆ ಇನ್ನೂ ಹಸಿ ಇತ್ತು.